ಲೆಕ್ಕಕ್ಕೆ ಸಿಗದ ಕ್ಲಿಕ್ಕುಗಳು

ಹಾಲು ಸೀದ ವಾಸನೆ. ಬೀಗದಕ್ಕನ ಮೂಗಿಗೆ ಅದು ಬಡಿದದ್ದು ಅವಳು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ಉಗ್ರಾಣದಲ್ಲಿ, ಹಾಲೂ ಒಲೆಯೂ ಇಲ್ಲದ ಜಾಗದಲ್ಲಿ, ರಿಪೇರಿಯವನ ಲ್ಯಾಪ್‌ಟಾಪಿನ ಮೇಲೆ ಒಂದು ಸಂಖ್ಯೆ ಮೂಡಿದ ಗಳಿಗೆಯಲ್ಲಿ.

ಚಿಕ್ಕಂದಿನಲ್ಲಿ ಆ ವಾಸನೆ ಬಂದರೆ ಮನೆಯಲ್ಲಿ ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಉಕ್ಕಿದ ಹಾಲನ್ನು ಒರೆಸಿ, ಪಾತ್ರೆಯ ತಳ ಕೆರೆದು, ಕಿಟಕಿ ತೆರೆದಿಟ್ಟರೂ ವಾಸನೆ ಮಾತ್ರ ಪರದೆಯ ಮಡಿಕೆಯಲ್ಲಿ ಅವಿತು ಕೂತುಬಿಡುತ್ತಿತ್ತು. ಅಮ್ಮ ಹೊರಗಿನಿಂದ ಬಂದವಳೇ ಹೊಸ್ತಿಲಲ್ಲಿ ನಿಂತು ಮೂಗೆಳೆದು, "ಯಾರದು?" ಎನ್ನುತ್ತಿದ್ದಳು. ಮಕ್ಕಳೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದರು. ಆ ಮೂಗು ತನಗೂ ಬಂದಿದೆ ಎಂದು ಬೀಗದಕ್ಕನ ನಂಬಿಕೆ. ಎಲ್ಲಾದರೂ ಏನಾದರೂ ಸರಿಯಿಲ್ಲ ಎನ್ನಿಸಿದರೆ ಸಾಕು, ಇಷ್ಟು ವರ್ಷಗಳ ನಂತರವೂ ಆ ವಾಸನೆ ಎಲ್ಲಿಂದಲೋ ಬಂದು ಮೂಗಿನ ಮುಂದೆ ನಿಲ್ಲುತ್ತಿತ್ತು.

"ಅಕ್ಕಾ, ಇದು ಗಾಡಿಯ ಕಿಲೋಮೀಟರ್ ಇದ್ದ ಹಾಗೆ," ರಿಪೇರಿಯವನು ಕ್ಯಾಮೆರಾಕ್ಕೆ ಸಿಕ್ಕಿಸಿದ ಕೇಬಲ್ಲನ್ನು ಇನ್ನಷ್ಟು ಒತ್ತುತ್ತ ಹೇಳಿದ. "ಫೋಟೋ ಒಂದಕ್ಕೆ ಒಂದು ಸಲದ ಹಾಗೆ ಶಟರ್ ಎಷ್ಟು ಸಲ ತೆರೆದು ಮುಚ್ಚಿದೆ ಅಂತ ಒಳಗೇ ಬರ್ಕೊಂಡಿರುತ್ತೆ. ಈ ಸಾಫ್ಟ್‌ವೇರ್ ಅದನ್ನ ಓದಿ ಹೇಳುತ್ತೆ, ಅಷ್ಟೆ. ನೋಡಿ, ತೊಂಬತ್ತೆರಡು ಸಾವಿರ ಚಿಲ್ಲರೆ. ಫೋಟೋದ ಅಂಚು ಕಪ್ಪಗೆ ಬರ್ತಿದೆ ಅಂದ್ರಲ್ಲ, ಬರದೆ ಇನ್ನೇನಾಗುತ್ತೆ? ಪಾಪ, ಶಟರ್ ಮುದುಕಿಯಾಗಿದೆ."

"ತೊಂಬತ್ತೆರಡಾ? ಸಾಧ್ಯವೇ ಇಲ್ಲ. ನಮ್ಮ ಕಂಪ್ಯೂಟರಲ್ಲಿ ಇರೋದು ನಲವತ್ತೊಂದು ಸಾವಿರ ಫೋಟೋ."

"ಮಿಕ್ಕಿದ್ದು ಅಳಿಸಿರ್ತಾರೆ."

"ಇಲ್ಲಿ ಅಳಿಸೋ ಹಾಗಿಲ್ಲ. ಮಸುಕಾಗಿ ಬಂದಿದ್ದನ್ನೂ ಇಡಬೇಕು. ಫೋಟೋಗಳ ನಂಬರು ಒಂದೂ ಹಾರಿಲ್ಲ. ತಿಂಗಳಾ ತಿಂಗಳಾ ನಾನೇ ತಾಳೆ ನೋಡ್ತೀನಿ."

ರಿಪೇರಿಯವನು ಕನ್ನಡಕವನ್ನು ಹಣೆಯ ಮೇಲೇರಿಸಿ ನಕ್ಕ. "ಹಾಗಾದ್ರೆ ನಿಮ್ಮ ಕ್ಯಾಮೆರಾ ಎಲ್ಲೋ ಎರಡನೇ ಸಂಸಾರ ಹೂಡಿದೆ ಅಕ್ಕ. ಬೇರೆ ಮೆಮೊರಿ ಕಾರ್ಡು ಹಾಕಿ ತೆಗೆದು, ಆ ಕಾರ್ಡು ಜೇಬಿಗೆ ಹಾಕ್ಕೊಂಡ್ರೆ ಆಯ್ತಪ್ಪ. ನಂಬರು ಹಿಂದಕ್ಕೆ ತರೋ ಉಪಾಯಗಳೂ ಇವೆ. ಆದ್ರೆ ಹೊಟ್ಟೆಯೊಳಗಿನ ಈ ಲೆಕ್ಕ ಯಾರಪ್ಪ ಬಂದ್ರೂ ಅಳಿಸೋಕಾಗಲ್ಲ. ಹೊಸ ಶಟರ್ ಹಾಕ್ಲಾ, ಬೇಡ್ವಾ?"

"ಮೊದಲು ಕಾರಣ ಬರೀಬೇಕು. ಆಮೇಲೆ ಹೇಳಿ ಕಳಿಸ್ತೀನಿ. ಮತ್ತೆ ನೋಡಿ, ಈ ವಿಷಯ ಪಕ್ಕದ ಕೋಣೆಗೆ ಗೊತ್ತಾಗೋದು ಬೇಡ."

ಪಕ್ಕದ ಕೋಣೆ ಎಂದರೆ ಫೋಟೋ ಕೋಣೆ. ಅದು ಸುಟ್ಟಗಾಯಗಳ ವಿಭಾಗದ್ದು. ಗಾಯ ಹೇಗೆ ಮಾಯುತ್ತಿದೆ, ಚರ್ಮ ಕಸಿ ಮಾಡುವ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಡಾಕ್ಟರುಗಳು ನೋಡುವುದಕ್ಕೆ ಪ್ರತಿ ರೋಗಿಯ ಫೋಟೋ ತೆಗೆಯಲೇಬೇಕು. ಉಗ್ರಾಣಕ್ಕೂ ಆ ಕೋಣೆಗೂ ನಡುವೆ ಇದ್ದದ್ದು ಮರದ ಹಲಗೆಯ ಅಡ್ಡಗೋಡೆ. ಅದೂ ಸೂರಿನವರೆಗೆ ಮುಟ್ಟಿರಲಿಲ್ಲ. ಗೋಡೆಯಲ್ಲಿ ಪುಟ್ಟ ಬಾಗಿಲಿನ ಒಂದು ಕಿಂಡಿ. ಬ್ಯಾಟರಿ, ನೀಲಿ ಬಟ್ಟೆ, ಹತ್ತಿ, ಕೈಗವಸು ಏನು ಬೇಕಾದರೂ ಆ ಕಿಂಡಿಯಿಂದಲೇ ಹೋಗಬೇಕು, ಹೋಗುವ ಮುನ್ನ ದಾರದಲ್ಲಿ ಕಟ್ಟಿದ ಪೆನ್ನಿನಿಂದ ಪುಸ್ತಕದಲ್ಲಿ ಸಹಿ ಬೀಳಬೇಕು. ಒಮ್ಮೆ ದೊಡ್ಡ ಡಾಕ್ಟರೇ ಕೈಗೆ ಒಂದು ಪಟ್ಟಿ ಅಂಟಿಸಿಕೊಳ್ಳಲು ಬಂದಾಗಲೂ ಅವಳು ಪುಸ್ತಕ ಮುಂದೆ ತಳ್ಳಿದ್ದಳಂತೆ. ಸೊಂಟದಲ್ಲಿನ ಗೊಂಚಲು ಬೀಗದಕೈಗಿಂತ ಈ ಸಹಿಯ ಕಾಟಕ್ಕೇ ಆಸ್ಪತ್ರೆಯವರು ಅವಳಿಗೆ ಬೀಗದಕ್ಕ ಎಂದು ಹೆಸರಿಟ್ಟದ್ದು.

ಅಳಿಸಬಾರದೆಂಬ ನಿಯಮವೂ ಅವಳದೇ. ಹಿಂದೆ ಇದ್ದ ಫೋಟೋಗ್ರಾಫರ್ ಭಾನುವಾರಗಳಂದು ಆಸ್ಪತ್ರೆಯ ಕ್ಯಾಮೆರಾ ಹೊತ್ತುಕೊಂಡು ಮದುವೆಗಳಿಗೆ ಹೋಗುತ್ತಿದ್ದ. ಸೋಮವಾರ ಬೆಳಗ್ಗೆ ಎಲ್ಲ ಅಳಿಸಿ ಸಾಧುವಿನ ಹಾಗೆ ಕೂತಿರುತ್ತಿದ್ದ. ಫೋಟೋಗಳ ನಂಬರು ನಡುನಡುವೆ ಹಾರಿರುವುದನ್ನು ಬೀಗದಕ್ಕ ಬೆಣ್ಣೆಯಲ್ಲಿನ ಕೂದಲಿನ ಹಾಗೆ ಎಳೆದು ತೆಗೆದಿದ್ದಳು. ಆಮೇಲೆ ಸಂಜೆಯಾದರೆ ಕ್ಯಾಮೆರಾ ಉಗ್ರಾಣದ ಬೀರುವಿಗೆ ಬಂತು. ಫೋಟೋ ಕೋಣೆಯ ಗೋಡೆಗೆ ಅವಳ ದುಂಡಗಿನ ಅಕ್ಷರದ ನಿಯಮಗಳೂ ಅಂಟಿಕೊಂಡವು: ಯಾವ ಫೋಟೋವನ್ನೂ ಅಳಿಸಬಾರದು. ರೋಗಿಗಳದ್ದಲ್ಲದ ಫೋಟೋ ಕಾರ್ಡಿನಲ್ಲಿ ಇರಬಾರದು. ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಡಬಾರದು.

ಆ ಜಾಗಕ್ಕೆ, ಈ ಕ್ಯಾಮೆರಾವನ್ನು ಹೊಸದಾಗಿ ಕೊಂಡ ಹೊತ್ತಿಗೇ, ಹೊಸಬಳು ಬಂದದ್ದು ಬೀಗದಕ್ಕನ ಮಾತಿನ ಮೇಲೆಯೇ. ಇದೇ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದು ತೀರಿಹೋದ ಗೆಳತಿಯ ಮಗಳು. "ನನ್ನ ಮಗಳಿದ್ದ ಹಾಗೆ ಸರ್, ನಾನು ಹೊಣೆ," ಎಂದು ಬೀಗದಕ್ಕ ದೊಡ್ಡ ಡಾಕ್ಟರಿಗೆ ಹೇಳಿದ್ದಳು. ಎಲ್ಲರಿಗೂ ಅಕ್ಕನಾದವಳು ಆ ಹುಡುಗಿಯೊಬ್ಬಳಿಗೆ ದೊಡ್ಡಮ್ಮ. ಈಗ ಹುಡುಗಿಯ ಕರಾರು ಮುಗಿಯುತ್ತ ಬಂದಿತ್ತು. ಮುಂದುವರಿಸಬೇಕಾದರೆ, ಸಾಮಾನನ್ನು ಸರಿಯಾಗಿ ಬಳಸಿದ್ದಾಳೆ ಎಂದು ಉಗ್ರಾಣದಿಂದ ಬರೆದುಕೊಡಬೇಕು. ಆ ಕಾಗದ ಮೇಜಿನ ಮೇಲೆ ಇತ್ತು. ಅದರ ಮೇಲೆ ಈಗ ಕ್ಯಾಮೆರಾ ಇತ್ತು.

ಒಮ್ಮೆ ಅನುಮಾನದ ಹುಳ ತಲೆಗೆ ಹೊಕ್ಕರೆ ಅದು ಸುಮ್ಮನೆ ಕೂರುತ್ತದೆಯೇ? ಸಿಕ್ಕಿದ್ದನ್ನೆಲ್ಲ ಮೇಯತೊಡಗಿತು. ಈಚೆಗೆ ಹುಡುಗಿ ಊಟದ ಕೋಣೆಗೆ ಬರುತ್ತಿಲ್ಲವಲ್ಲ, ಯಾಕೆ? ಬ್ಯಾಟರಿಗಳು ಯಾಕೆ ಇಷ್ಟು ಬೇಗ ಸಾಯುತ್ತಿವೆ? ಅಡ್ಡಗೋಡೆಯ ಆಚೆ ರೋಗಿ ಬಂದಾಗ ಮೊದಲು ಕ್ಲಿಕ್ ಕ್ಲಿಕ್ ಎಂದು ಮಳೆ ಸುರಿದಂತೆ ಸದ್ದಾಗುತ್ತದೆ, ಆಮೇಲೆ ಸ್ವಲ್ಪ ಬಿಡುವು, ಆಮೇಲೆ ನಿಧಾನವಾಗಿ ನಾಲ್ಕಾರು ಸಲ. ಕಂಪ್ಯೂಟರಿಗೆ ಬರುವುದು ಆ ನಾಲ್ಕಾರು ಮಾತ್ರ. ಇಷ್ಟು ವರ್ಷ ಕೇಳುತ್ತಲೇ ಇದ್ದ ಸದ್ದು ಅದು, ಆದರೆ ಈಗಲೇ ಕಿವಿಗೆ ಬಿದ್ದ ಹಾಗಿತ್ತು.

ಕಿಂಡಿಗೆ ಬಂದ ಹುಡುಗಿಯನ್ನು ಬೀಗದಕ್ಕ ಸುತ್ತಿಬಳಸಿ ಕೇಳಿದಳು. "ಏನೇ, ಬ್ಯಾಟರೀನ ತಿಂತೀಯೋ ಹೇಗೆ?"

"ಹಳೇದಾಯ್ತಲ್ಲ ದೊಡ್ಡಮ್ಮ." ಹುಡುಗಿ ಸಹಿ ಹಾಕುವ ನೆಪದಲ್ಲಿ ತಲೆ ಬಗ್ಗಿಸಿದಳು. ಕಿವಿ ಕೆಂಪಾಗಿತ್ತು.

"ಊಟಕ್ಕೂ ಬರಲ್ಲ ನೀನು."

"ಮೇಲೆ ಸ್ವಲ್ಪ ಕೆಲಸ ಇತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡಳು ಬೀಗದಕ್ಕ. ಮೇಲಿನ ಮಹಡಿಯಲ್ಲಿ ಸುಟ್ಟಗಾಯದವರ ವಾರ್ಡು ಒಂದು ಕಡೆ, ಹೆರಿಗೆ ವಾರ್ಡು ಇನ್ನೊಂದು ಕಡೆ. ಅಲ್ಲಿಂದ ಹತ್ತಿಗೆಂದು ಬಂದ ಸಿಸ್ಟರ್‌ಗೆ ಅವಳು ಸುಮ್ಮನೆ ಕೇಳುವವಳ ಹಾಗೆ ಕೇಳಿದಳು. "ನಮ್ಮ ಫೋಟೋ ಹುಡುಗಿ ಮಧ್ಯಾಹ್ನ ಮೇಲೆ ಬರ್ತಾಳಾ?"

"ದಿನಾ ಬರ್ತಾಳಲ್ಲ! ಕೊರಳಲ್ಲಿ ಕ್ಯಾಮೆರಾ ನೇತುಹಾಕ್ಕೊಂಡು ಮೆಟ್ಟಿಲು ಹತ್ತೋದೇ ನೋಡ್ಬೇಕು. ಹುಟ್ಟಿದ ಕೂಸುಗಳ ಫೋಟೋಗೆ ಈಗ ಒಳ್ಳೇ ಕಾಸು ಕೊಡ್ತಾರಂತಲ್ಲಕ್ಕ?" ಸಿಸ್ಟರ್ ಕಣ್ಣು ಹೊಡೆದಳು. ಅವಳಿಗೆ ಅದೊಂದು ತಮಾಷೆ. ಬೀಗದಕ್ಕನಿಗೆ ಅಲ್ಲ.

ಗೆಳತಿಯ ಮುಖ ನೆನಪಾಯಿತು. ಬೇರೆಯವರ ಡ್ಯೂಟಿಯನ್ನೂ ತಾನೇ ಮಾಡಿಕೊಟ್ಟು ಹೇಳದೇ ಹೋಗುತ್ತಿದ್ದವಳು. ಅವಳ ಹೊಟ್ಟೆಯಲ್ಲಿ ಇಂಥವಳು ಹುಟ್ಟಿದಳೇ? ಹಿಂದಿನವನಾದರೂ ಪರಕೀಯ. ಇವಳು ದೊಡ್ಡಮ್ಮ ದೊಡ್ಡಮ್ಮ ಎಂದುಕೊಂಡೇ ಕಣ್ಣಿಗೆ ಮಣ್ಣೆರಚಿದಳಲ್ಲ! ಸಂಜೆ ಬೀಗದಕ್ಕ ಕೈ ತೊಳೆಯುತ್ತ ನಿಂತಿದ್ದ ದೊಡ್ಡ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟಳು. ಸಂಖ್ಯೆ, ಬ್ಯಾಟರಿ, ಮೇಲಿನ ಮಹಡಿ.

"ಬೇಲೀನೇ ಎದ್ದು ಹೊಲ ಮೇಯ್ತು ಅನ್ನಿ," ಎಂದರು ಅವರು. "ನೀವೇ ಹೊಣೆ ಅಂದಿದ್ರಿ."

"ಅದಕ್ಕೇ ನಾನೇ ಬಂದು ಹೇಳ್ತಿರೋದು ಸರ್."

"ಸರಿ. ನಾಳೆ ಮೂರು ಗಂಟೆಗೆ ಕರೆಸಿ ಕೇಳೋಣ."

ಮರುದಿನ ಬೆಳಗ್ಗೆ ಬೀಗದಕ್ಕ ಕಿಂಡಿಯ ಬಾಗಿಲನ್ನು ಒಂದು ಬೆರಳಿನಷ್ಟು ಸರಿಸಿಟ್ಟು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಳು. ಮೂರು ಗಂಟೆಯ ಮೊದಲು ಕಣ್ಣಾರೆ ಒಂದು ಸಾಕ್ಷಿ ಬೇಕಿತ್ತು.

ಆಚೆ ಬಂದವಳು ಇಸ್ತ್ರಿಯಮ್ಮ. ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸ, ಹಬೆಯ ಕೊಳವೆ ಸಿಡಿದು ಬಲಗೆನ್ನೆಯಿಂದ ಕುತ್ತಿಗೆಯವರೆಗೆ ಬೆಂದುಹೋಗಿತ್ತು. ಫೋಟೋ ಇಲ್ಲದೆ ಆಪರೇಷನ್ ಗೊತ್ತುಮಾಡುವ ಹಾಗಿರಲಿಲ್ಲ. ಎರಡು ಸಲ ಕರೆತಂದಾಗಲೂ ಅವಳು ಮುಖಕ್ಕೆ ಸುತ್ತಿದ ಶಾಲನ್ನು ಬಿಚ್ಚದೆ, "ನನ್ನನ್ನ ನಾನೇ ನೋಡ್ಕೊಂಡಿಲ್ಲ, ನಿಮ್ಮ ಡಬ್ಬಿಗ್ಯಾಕೆ ತೋರಿಸ್ಲಿ?" ಎಂದು ಎದ್ದು ಹೋಗಿದ್ದಳು.

ಕಿಂಡಿಯ ಸಂದಿಯಲ್ಲಿ ಕಾಣುತ್ತಿದ್ದದ್ದು ಹುಡುಗಿಯ ಬೆನ್ನು ಮತ್ತು ಕೈ ಮಾತ್ರ. ಕೈ ಕ್ಯಾಮೆರಾದ ಪಕ್ಕದ ಪುಟ್ಟ ಬಾಗಿಲು ತೆರೆಯಿತು. ಕಾರ್ಡನ್ನು ಹೊರಗೆಳೆಯಿತು. ಕೋಟಿನ ಜೇಬಿಗೆ ಹಾಕಿಕೊಂಡಿತು. ಬೀಗದಕ್ಕ ಕಿಂಡಿಗೆ ಇನ್ನಷ್ಟು ಬಾಗಿದಳು. ರಿಪೇರಿಯವನು ಹೇಳಿದ್ದು ಇದನ್ನೇ ಅಲ್ಲವೇ? ಆಮೇಲೆ ಬೆನ್ನು ಸಂದಿಯಿಂದ ಸರಿದುಹೋಯಿತು. ಏನೋ ಪಿಸುಮಾತು. ಕ್ಲಿಕ್. ಕ್ಲಿಕ್ ಕ್ಲಿಕ್. ಹಾಲು ಸೀದ ವಾಸನೆ ಉಗ್ರಾಣವನ್ನೆಲ್ಲ ತುಂಬಿತು.

ಬೀಗದಕ್ಕ ಒಂದು ನೀಲಿ ಬಟ್ಟೆಯನ್ನು ನೆಪಕ್ಕೆ ಎತ್ತಿಕೊಂಡು, ಗೊಂಚಲು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು, ಸುತ್ತಿ ಹೋಗಿ ಫೋಟೋ ಕೋಣೆಯ ಬಾಗಿಲು ತಳ್ಳಿದಳು.

ರೋಗಿ ಕೂರಬೇಕಾದ ಸ್ಟೂಲಿನ ಮೇಲೆ ಹುಡುಗಿ ಕೂತಿದ್ದಳು. ಒಂದು ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿಕೊಂಡು, ಬಾವು ಬಂದ ಕಪ್ಪೆಯ ಹಾಗೆ. ಎದುರಿಗೆ ಇಸ್ತ್ರಿಯಮ್ಮ ನಿಂತಿದ್ದಳು. ಶಾಲಿನ ಸಂದಿಯಲ್ಲಿ ಒಂದೇ ಕಣ್ಣು ಕಾಣುತ್ತಿತ್ತು. ಕ್ಯಾಮೆರಾ ಅವಳ ಕೊರಳಲ್ಲಿತ್ತು, ಅವಳ ಬೆರಳು ಗುಂಡಿಯ ಮೇಲಿತ್ತು.

"ಇನ್ನೂ ಸ್ವಲ್ಪ ಕೆನ್ನೆ ಉಬ್ಬಿಸು. ಹಾಂ, ಈಗ ನೋಡು, ನನಗಿಂತ ನೀನೇ ಕೆಟ್ಟದಾಗಿ ಕಾಣ್ತೀಯ," ಎಂದು ಇಸ್ತ್ರಿಯಮ್ಮ ಕ್ಲಿಕ್ಕಿಸಿದಳು. ಆಗ ಬಾಗಿಲಲ್ಲಿ ನಿಂತ ಬೀಗದಕ್ಕ ಕಣ್ಣಿಗೆ ಬಿದ್ದಳು. ಹುಡುಗಿಯ ಕೆನ್ನೆಯ ಗಾಳಿ ಒಮ್ಮೆಲೇ ಇಳಿದುಹೋಯಿತು. ಅವಳ ನೋಟ ಮೊದಲು ಹೋದದ್ದು ಗೋಡೆಯ ಮೇಲಿನ ದುಂಡಗಿನ ಅಕ್ಷರಗಳ ಕಡೆಗೆ.

"ದೊಡ್ಡಮ್ಮ, ನಾನು..."

"ಬೈಬೇಡಿ ಅಮ್ಮ," ಇಸ್ತ್ರಿಯಮ್ಮನೇ ನಡುವೆ ಬಂದಳು. "ಇದರಲ್ಲಿ ಏನೂ ಉಳಿಯಲ್ಲಂತೆ. ಕಾರ್ಡು ಅವಳ ಜೇಬಲ್ಲಿದೆ. ಇಲ್ನೋಡಿ, ಖಾಲಿ." ಕ್ಯಾಮೆರಾದ ಪಕ್ಕದ ಬಾಗಿಲನ್ನು ತಾನೇ ತೆರೆದು ತೋರಿಸಿದಳು. ಬಾಯಿ ಬಿಟ್ಟ ಹಕ್ಕಿಮರಿಯ ಗಂಟಲಿನ ಹಾಗೆ ಅದು ಖಾಲಿಯಿತ್ತು. "ಮೊದಲು ನೀವು ನನ್ನನ್ನ ತೆಗೀರಿ, ಸಾಕು ಅನ್ನಿಸೋವರೆಗೂ ತೆಗೀರಿ, ಆಮೇಲೆ ಮನಸ್ಸು ಬಂದ್ರೆ ನಾನು ಅಂತಾಳೆ. ನಿನ್ನೆ ಮಧ್ಯಾಹ್ನ ಮೇಲೂ ಬಂದಿದ್ಲು. ನಮ್ಮ ವಾರ್ಡಲ್ಲಿ ಎಲ್ರೂ ಇವಳನ್ನ ತೆಗೆದಿದ್ದೇ ತೆಗೆದಿದ್ದು. ಒಬ್ಬ ಅಜ್ಜ ಇದ್ದಾನೆ, ಎರಡೂ ಕೈ ಸುತ್ತಿಬಿಟ್ಟಿದ್ದಾರೆ. ಅವನು ಗಲ್ಲದಲ್ಲಿ ಒತ್ತಿದ!"

ಬೀಗದಕ್ಕ ಕೈಯಲ್ಲಿನ ನೀಲಿ ಬಟ್ಟೆಯನ್ನು ಮಡಿಸಿದಳು, ಮತ್ತೆ ಬಿಚ್ಚಿದಳು.

"ಬನ್ನಿ, ಮುಂದಿನ ಗಿರಾಕಿ ನೀವೇ," ಎಂದಳು ಇಸ್ತ್ರಿಯಮ್ಮ. "ಕೂತ್ಕೊಳ್ಳಿ."

ಯಾಕೆ ಕೂತಳೋ ಬೀಗದಕ್ಕನಿಗೇ ಗೊತ್ತಿಲ್ಲ. ಹುಡುಗಿ ಎದ್ದುಕೊಟ್ಟ ಸ್ಟೂಲು ಇನ್ನೂ ಬೆಚ್ಚಗಿತ್ತು. ದೀಪ ಮುಖಕ್ಕೆ ಹೊಡೆಯುತ್ತಿತ್ತು. ಕರಿಯ ಗಾಜಿನ ಆ ದುಂಡು ಕಣ್ಣು ತನ್ನನ್ನೇ ನೋಡುವಾಗ ಕೈಯನ್ನು ಎಲ್ಲಿಡಬೇಕು ಎಂದು ತಿಳಿಯದಾಯಿತು. ಕೂದಲು ಸರಿಪಡಿಸಿಕೊಂಡಳು. ಕುತ್ತಿಗೆಯ ಸುಕ್ಕಿನ ಮೇಲೆ ಕೈಯಿಟ್ಟು ಮುಚ್ಚಿಕೊಂಡಳು. ತನ್ನ ಮೂಗು ಇಷ್ಟು ದೊಡ್ಡದೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

"ನಗಬೇಡಿ ಅಂತ ಹೇಳೋದೇ ಬೇಡ ನಿಮಗೆ," ಎಂದಳು ಇಸ್ತ್ರಿಯಮ್ಮ. ಕ್ಲಿಕ್. "ಅಯ್ಯೋ, ಹೆದರ್ಕೊಂಡ್ರಾ? ಏನೂ ಆಗಲ್ಲ." ಕ್ಲಿಕ್.

ಏನೂ ಆಗಲಿಲ್ಲ. ಬೀಗದಕ್ಕ ಎದ್ದಳು. ಇಸ್ತ್ರಿಯಮ್ಮ ಕ್ಯಾಮೆರಾವನ್ನು ಕೊರಳಿಂದ ತೆಗೆದು ಹುಡುಗಿಯ ಕೈಗೆ ಕೊಟ್ಟಳು. "ಸರಿ. ಹಾಕು ನಿನ್ನ ಕಾರ್ಡು," ಎಂದು ಸ್ಟೂಲಿನ ಮೇಲೆ ಬಂದು ಕೂತು, ಶಾಲಿನ ತುದಿಗೆ ಕೈ ಹಾಕಿದಳು. ಬೀಗದಕ್ಕ ನೀಲಿ ಬಟ್ಟೆಯನ್ನು ಅಲ್ಲೇ ಇಟ್ಟು, ತಿರುಗಿ ನೋಡದೆ ಹೊರಗೆ ಬಂದು ಬಾಗಿಲೆಳೆದಳು.

ಮೂರಕ್ಕೆ ಇನ್ನೂ ಸಮಯವಿದೆ, ಮೊದಲೇ ಹೋಗಿ ದೊಡ್ಡ ಡಾಕ್ಟರಿಗೆ ಹೇಳಿಬಿಟ್ಟರಾಯಿತು ಎಂದುಕೊಂಡು ಉಗ್ರಾಣಕ್ಕೆ ಬಂದರೆ ಸಾಮಾನಿನ ಗಾಡಿ ಬಂದು ನಿಂತಿತ್ತು. ಪೆಟ್ಟಿಗೆಗಳನ್ನೆಲ್ಲ ಒಳಗೆ ಇಳಿಸಿಕೊಳ್ಳುವ ಹೊತ್ತಿಗೆ ಊಟದ ಗಂಟೆ ಹೊಡೆಯಿತು. ನಿನ್ನೆ ಹತ್ತಿಗೆಂದು ಬಂದಿದ್ದ ಸಿಸ್ಟರ್ ಓಡುತ್ತ ಬಂದಳು. "ಅಕ್ಕ, ಮಧ್ಯಾಹ್ನ ಆಪರೇಷನ್ ಬಂತು ಅಂತ ದೊಡ್ಡ ಡಾಕ್ಟರು ಫೋಟೋ ಹುಡುಗೀನ ಈಗಲೇ ಕರೆಸ್ಕೊಂಡಿದ್ದಾರೆ. ಸಿಡಿಮಿಡಿ ಅಂತಿದ್ರು. ಏನಕ್ಕ ವಿಷಯ?"

ಬೀಗದಕ್ಕ ಉಗ್ರಾಣಕ್ಕೆ ಬೀಗ ಹಾಕುವುದನ್ನೂ ಮರೆತು ನಡೆದಳು.

ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. "ಹಾಗಾದ್ರೆ ಐವತ್ತು ಸಾವಿರ ಸಲ ಗಾಳಿಯ ಫೋಟೋ ತೆಗೆದ್ಯಾ?" ಎನ್ನುತ್ತಿದ್ದರು ಅವರು.

"ಹೌದು ಅಂತಲೇ ಹೇಳ್ಬೇಕು ಸರ್." ಹುಡುಗಿಯ ದನಿ ಸಣ್ಣಗಾಗಿತ್ತು. "ಹೆರಿಗೆ ವಾರ್ಡಿನ ಕಡೆ ನಾನು ಹೋಗಿಯೇ ಇಲ್ಲ. ಯಾರು ಹೇಳಿದ್ರೋ ಗೊತ್ತಿಲ್ಲ."

"ನಾನು ಹೇಳಿದ್ದು," ಬೀಗದಕ್ಕ ಒಳಗೆ ಹೋದಳು. "ನೋಡದೆ ಹೇಳ್ದೆ ಸರ್. ಇವತ್ತು ನೋಡ್ದೆ."

ಹುಡುಗಿ ತಿರುಗಿದಳು. ಆ ನೋಟವನ್ನು ಎದುರಿಸಲಾಗದೆ ಬೀಗದಕ್ಕ ಮೇಜಿನ ಅಂಚನ್ನು ನೋಡುತ್ತಲೇ ಎಲ್ಲವನ್ನೂ ಹೇಳಿದಳು. ಕಾರ್ಡು, ಸ್ಟೂಲು, ಗಲ್ಲದಲ್ಲಿ ಒತ್ತಿದ ಅಜ್ಜ. ತಾನು ಕೂತದ್ದನ್ನೂ ಬಿಡಲಿಲ್ಲ. ಡಾಕ್ಟರು ಪೆನ್ನಿನ ಮುಚ್ಚಳವನ್ನು ಹಾಕಿದರು, ತೆಗೆದರು.

"ಬೇರೆಯವರ ಕೈಗೆ ಕೊಡಬಾರದು ಅಂತ ನಿಯಮ ಇದೆಯಲ್ಲ?"

"ಇದೆ ಸರ್. ನನ್ನ ಅಕ್ಷರದಲ್ಲೇ ಇದೆ."

"ಶಟರ್ ಸವೆದಿದ್ದಕ್ಕೆ ಕಾರಣ ಏನಂತ ಬರೀತೀರಿ?"

"ಕೆಲಸ ಅಂತ."

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಬರೀರಿ. ಹೊಸದು ಹಾಕಿಸಿ. ಕರಾರಿನ ಕಾಗದಾನೂ ಇವತ್ತೇ ಕಳಿಸಿ." ಎದ್ದವರು ಬಾಗಿಲ ಹತ್ತಿರ ನಿಂತು, "ಇಸ್ತ್ರಿಯಮ್ಮ ಶಾಲು ಬಿಚ್ಚಿದ್ರಾ?" ಎಂದು ಕೇಳಿದರು. ಹುಡುಗಿ ಹೂಂ ಎಂದು ತಲೆಯಾಡಿಸಿದಳು.

ಮೊಗಸಾಲೆಯಲ್ಲಿ ಇಬ್ಬರೂ ಅಕ್ಕಪಕ್ಕ ನಡೆದರು, ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟು. "ನನ್ನನ್ನ ಒಂದು ಮಾತು ಕೇಳಬಹುದಿತ್ತು," ಎಂದಳು ಹುಡುಗಿ.

"ಕೇಳಿದ್ದೆ. ಬ್ಯಾಟರಿ ವಿಷಯ."

"ಅದು ಬ್ಯಾಟರಿ ವಿಷಯ ಕೇಳಿದ್ದು."

ಬೀಗದಕ್ಕ ಗೊಂಚಲಿನ ಒಂದು ಬೀಗದಕೈಯನ್ನು ತಿರುವಿದಳು. "ಊಟ ಮಾಡು ಹೋಗು," ಎಂದಳು. "ಹೊತ್ತಾಯ್ತು."

"ರೋಗಿಗಳು ಕಾಯ್ತಿದ್ದಾರೆ ಮೇಡಂ," ಎಂದು ಹುಡುಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು.

ಮೇಡಂ. ಬೀಗದಕ್ಕ ಕುರ್ಚಿಯಲ್ಲಿ ಕೂತು ಕರಾರಿನ ಕಾಗದ ಬರೆದು, ಕೆಳಗೆ ಸಹಿ ಹಾಕಿ, ಮೊಹರು ಒತ್ತಿ ಕಳಿಸಿದಳು. ಕಿವಿ ಮಾತ್ರ ಅಡ್ಡಗೋಡೆಯ ಮೇಲಿತ್ತು. ಆಚೆ ಸ್ಟೂಲು ಎಳೆದ ಸದ್ದಾಯಿತು. "ಕೂತ್ಕೊಳ್ಳಿ. ತಲೆ ಸ್ವಲ್ಪ ಎಡಕ್ಕೆ." ಕ್ಲಿಕ್. ಕ್ಲಿಕ್. ನಿಧಾನವಾಗಿ ನಾಲ್ಕಾರು, ಅಷ್ಟೆ. ಮೊದಲ ಮಳೆ ಇಲ್ಲ. ಒಬ್ಬ ಹೆಂಗಸು ಸಣ್ಣಗೆ ಅತ್ತದ್ದು ಕೇಳಿಸಿತು. ಇನ್ನೊಬ್ಬರು ಬಂದರು. ಮತ್ತೆ ನಾಲ್ಕಾರು. ಇನ್ನು ಕಂಪ್ಯೂಟರಿನ ಲೆಕ್ಕಕ್ಕೂ ಕ್ಯಾಮೆರಾದ ಲೆಕ್ಕಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸ ಬರುವುದಿಲ್ಲ. ಆ ಲೆಕ್ಕವನ್ನೇ ಅಲ್ಲವೇ ಇಷ್ಟು ವರ್ಷ ಅವಳು ಕೇಳಿದ್ದು?

ಅವಳು ಎದ್ದಳು. ಕಪಾಟಿನ ಕೆಳಗಿನ ಅರೆಯನ್ನು ಹುಡುಕಿ, ಹಿಂದೆ ಗಾಯದ ಪಟ್ಟಿಗಳು ಬರುತ್ತಿದ್ದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದಳು. ಒಳಗೆ ಹತ್ತಿಯ ಹಾಸು ಹಾಕಿದಳು. ಆಚೆಯ ಕೋಣೆ ಖಾಲಿಯಾದದ್ದು ಕೇಳಿಸಿದ ಮೇಲೆ ಕಿಂಡಿಯ ಬಾಗಿಲು ತಟ್ಟಿದಳು.

ಹುಡುಗಿ ಬಂದಳು. ಕಣ್ಣಿನ ಸುತ್ತ ಕೆಂಪಗಿತ್ತು.

"ಕಾರ್ಡು ಜೇಬಲ್ಲಿ ಇಟ್ರೆ ಎಲ್ಲಾದ್ರೂ ಬಿದ್ದು ಹೋಗುತ್ತೆ," ಬೀಗದಕ್ಕ ಡಬ್ಬಿಯನ್ನು ಮುಂದೆ ತಳ್ಳಿದಳು. "ತೆಗೆದಾಗೆಲ್ಲ ಇದರಲ್ಲಿ ಇಡು."

ಹುಡುಗಿ ಡಬ್ಬಿಯ ಮುಚ್ಚಳ ತೆರೆದು ಹತ್ತಿಯನ್ನು ಬೆರಳಿಂದ ಒತ್ತಿ ನೋಡಿದಳು. ರೂಢಿಯಂತೆ ದಾರದ ಪೆನ್ನು ಎಳೆದುಕೊಂಡು ಪುಸ್ತಕದಲ್ಲಿ ಸಹಿ ಹಾಕಿದಳು.

ಬೀಗದಕ್ಕ ಬಗ್ಗಿ, ಮೇಜಿನ ಕೆಳಗೆ ಚೀಲದಲ್ಲಿದ್ದ ತನ್ನ ಊಟದ ಡಬ್ಬಿಯನ್ನು ತೆಗೆದಳು. ಬೆಳಗ್ಗೆ ಬಟ್ಟೆ ಸುತ್ತಿ ಕಟ್ಟಿದ ಗಂಟು ಹಾಗೇ ಇತ್ತು. ಗಂಟು ಬಿಚ್ಚಿ, ಚಮಚವನ್ನು ಒರೆಸಿ ಮುಚ್ಚಳದ ಮೇಲಿಟ್ಟು, ಎರಡೂ ಕೈಯಿಂದ ಕಿಂಡಿಯಾಚೆಗೆ ಸರಿಸಿದಳು.

ಹುಡುಗಿ ಡಬ್ಬಿಯನ್ನು ನೋಡಿದಳು. ಪೆನ್ನು ಇನ್ನೂ ಅವಳ ಕೈಯಲ್ಲೇ ಇತ್ತು. ಅವಳು ಪುಟದ ಮುಂದಿನ ಸಾಲಿಗೆ ಬೆರಳಿಟ್ಟಳು.

ಬೀಗದಕ್ಕ ಪುಸ್ತಕವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು ಮುಚ್ಚಿದಳು.